ಮೇಡಂಗೆ ಪಾಠ

"ಕೆಟ್ಟು ನಿಂತಿರಬೇಕು ಕಣೋ ಇದು," ಎನ್ನುತ್ತ ಸುಧಾ ಲ್ಯಾಪ್‌ಟಾಪನ್ನು ಬಸವರಾಜನ ಕಡೆಗೆ ತಿರುಗಿಸಿದರು. ಪರದೆಯ ಮೇಲೊಂದು ಪ್ಲಸ್ ಚಿಹ್ನೆ ಕೂತಿತ್ತು. ಎಂಟರ್ ಒತ್ತಿದರೆ ಅದರ ಕೆಳಗೆ ಇನ್ನೊಂದು ಪ್ಲಸ್, ಮತ್ತೆ ಒತ್ತಿದರೆ ಮತ್ತೊಂದು. ಉತ್ತರ ಮಾತ್ರ ಇಲ್ಲ.

ಬಸವರಾಜ ಕುರ್ಚಿಯ ತುದಿಯಲ್ಲೇ ಕೂತು ಇಣುಕಿದ. "ಕೆಟ್ಟಿಲ್ಲ ಮೇಡಂ, ಕಾಯ್ತಾ ಇದೆ. ನೀವು ಇನ್ನೂ ಏನೋ ಹೇಳೋದಿದೆ ಅಂದ್ಕೊಂಡಿದೆ."

"ಏನು ಹೇಳ್ಬೇಕಿತ್ತು?"

"ಏನಿಲ್ಲ ಮೇಡಂ, ಎಲ್ಲಾ ಸರಿಯಾಗೇ ಮಾಡಿದೀರ. ಒಂಚೂರು ಅಷ್ಟೇ..."

ಆ ಒಂಚೂರು ಏನೆಂದು ಅವನು ಹೇಳಲಿಲ್ಲ. ಯಾವ ಭಾನುವಾರವೂ ಹೇಳಿದವನಲ್ಲ.

ಸುಧಾ ಗುಬ್ಬಿಯ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ. ಮಗಳು ಹಾಸ್ಟೆಲ್ ಸೇರಿದ ಮೇಲೆ, ತಲೆಗೂದಲು ಅಲ್ಲಲ್ಲಿ ನರೆಯುವ ಹೊತ್ತಿಗೆ, ಪಿಎಚ್‌ಡಿಗೆ ಸೇರಿದ್ದರು. ಗುಬ್ಬಿ ಕೆರೆ, ಕಡಬದ ಕೆರೆ, ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯ, ಈ ಮೂರೂ ಕಡೆ ಬೆಳಗಿನ ಮಂಜಿನಲ್ಲಿ ನಿಂತು ನೀರುಹಕ್ಕಿಗಳನ್ನು ಎಣಿಸಿದ್ದಾಯಿತು. ಎಣಿಸುವುದು ಸುಖದ ಕೆಲಸವಾಗಿತ್ತು. ಕಷ್ಟ ಶುರುವಾದದ್ದು ಆಮೇಲೆ. ಆ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಅರ್ಥ ಹೊರಡಿಸಲು ಆರ್ ಎಂಬ ಭಾಷೆ ಕಲಿಯಬೇಕಿತ್ತು. "ಇರೋದೇ ಒಂದಕ್ಷರ, ಅದನ್ನ ಕಲಿಯಕ್ಕೆ ಇಷ್ಟು ದಿನವಾ?" ಎಂದು ಗಂಡ ಅನಂತರಾಜು ರೇಗಿಸುತ್ತಿದ್ದರು.

ಗೈಡ್ ಮಹಾಲಿಂಗಯ್ಯನವರು ಸುಲಭದ ದಾರಿ ತೋರಿಸಿದ್ದರು. "ಯಾರಿಗಾದ್ರೂ ಕೊಟ್ಟು ಮಾಡ್ಸಿಬಿಡ್ರಮ್ಮ, ಎಲ್ಲಾರೂ ಹಂಗೇ ಮಾಡ್ಸೋದು." ಸುಧಾ ಒಪ್ಪಲಿಲ್ಲ. ಹಕ್ಕಿ ನಂದು, ಲೆಕ್ಕ ನಂದು, ಉತ್ತರ ಮಾತ್ರ ಇನ್ನೊಬ್ಬರದಾ ಎಂದುಕೊಂಡರು. ಆಗ ನೆನಪಾದವನು ಹೆಬ್ಬೂರಿನ ಬಸವರಾಜ. ಒಂದು ಕಾಲಕ್ಕೆ ಅವರ ಶಿಷ್ಯ, ಈಗ ತುಮಕೂರಿನಲ್ಲಿ ಸಂಖ್ಯಾಶಾಸ್ತ್ರದ ಸಂಶೋಧಕ. ಕೇಳಿದ್ದೇ ತಡ ಓಡಿ ಬಂದಿದ್ದ, ಅಂದಿನಿಂದ ಪ್ರತಿ ಭಾನುವಾರ ಕಲಿಸಲು ಬರುತ್ತಿದ್ದ. ಆದರೆ ಇವತ್ತಿಗೂ ಗೇಟಿನ ಹೊರಗೆ ನಿಂತು, ಕರೆದ ಮೇಲೇ ಒಳಗೆ ಬರುವವನು.

"ಇರು, ಕಾಫಿ ತರ್ತೀನಿ," ಎಂದು ಸುಧಾ ಎದ್ದು ಹೋದರು. ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಬಸವರಾಜ ಅತ್ತಿತ್ತ ನೋಡಿ, ಬೆಕ್ಕು ಹಾಲಿಗೆ ಬಾಯಿ ಹಾಕುವ ಹಾಗೆ ಮುಂದೆ ಬಾಗಿ, ಟಕ್ಕನೆ ಏನೋ ಒತ್ತಿ, ಮತ್ತೆ ಕೈಕಟ್ಟಿ ಕೂತ.

"ಬಂತು ನೋಡಿ ಮೇಡಂ! ತಾನೇ ಸರಿಹೋಯ್ತು."

ವಾರವಿಡೀ ತಾವೊಬ್ಬರೇ ಕೂತಾಗ ಒಂದು ಸಾಲೂ ಏಕೆ ಓಡುವುದಿಲ್ಲ ಎಂಬುದು ಸುಧಾಗೆ ಆಗ ಹೊಳೆಯಿತು.

"ಪ್ರತಿ ಸಲ ಹಿಂಗೇ ಮಾಡ್ತಿದ್ಯೇನೋ?"

ಬಸವರಾಜ ಎದ್ದು ನಿಂತ. ಕಿವಿ ಕೆಂಪಾಗಿತ್ತು. "ನಿಮಗೆ ತಪ್ಪು ಅಂತ ಹೆಂಗ್ ಹೇಳ್ಲಿ ಮೇಡಂ? ಬಾಯೇ ಬರಲ್ಲ."

"ನಾನು ನಿಂಗೆ ಹೇಳ್ತಿರ್ಲಿಲ್ವಾ?"

"ಹೇಳ್ತಿದ್ರಿ. ಕಪ್ಪೆ ಹೃದಯಕ್ಕೆ ನಾಲ್ಕು ಕೋಣೆ ಬರೆದಿದ್ದಕ್ಕೆ, 'ಇದೇನು ಕಪ್ಪೆನೋ ನಿಮ್ಮ ಮಾವನ ಮನೆನೋ' ಅಂತ ಇಡೀ ಕ್ಲಾಸಿಗೆ ತೋರ್ಸಿದ್ರಿ."

ಪೇಪರ್ ಓದುತ್ತಿದ್ದ ಅನಂತರಾಜು ಪಕ್ಕದ ರೂಮಿನಲ್ಲಿ ಗೊಳ್ಳೆಂದು ನಕ್ಕರು. ಸುಧಾಗೂ ನಗು ತಡೆಯಲಾಗಲಿಲ್ಲ.

"ಆಮೇಲೆ ಮರೆತ್ಯಾ?"

"ಸಾಯೋಗಂಟ ಮರೆಯಲ್ಲ. ಮೂರೇ ಕೋಣೆ."

"ಹಂಗಾದ್ರೆ ನಂಗೂ ಹಂಗೇ ಹೇಳ್ಕೊಡು. ಬುಧವಾರ ಪಿಎಚ್‌ಡಿ ಕಮಿಟಿ ಮುಂದೆ ನಾನೊಬ್ಳೇ ಇರ್ತೀನಿ ಕಣೋ. ಅಲ್ಲಿ ಕಾಫಿ ತರಕ್ಕೆ ಎದ್ದು ಹೋಗಕ್ಕಾಗಲ್ಲ."

ಬರೆದಿದ್ದನ್ನೆಲ್ಲ ಅಳಿಸಿ ಸುಧಾ ಮೊದಲಿನಿಂದ ಶುರುಮಾಡಿದರು. "ಮೇಡಂ, ಬ್ರಾಕೆಟ್ ಮುಚ್ಚಿಲ್ಲ," ಎಂದ ಬಸವರಾಜ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಜೋರಾಗಿ ಹೇಳು."

"ಬ್ರಾಕೆಟ್ ಮುಚ್ಚಿಲ್ಲ!"

ಸಂಜೆಯಾಗುವ ಹೊತ್ತಿಗೆ ಅವನು ಎದುರಿಗಿರುವವರು ಯಾರೆಂಬುದನ್ನೇ ಮರೆತಿದ್ದ. "ಅಯ್ಯೋ, ಓದ್ರೀ ಮೇಡಂ! ಕೆಂಪಗೆ ಬಂದ ತಕ್ಷಣ ಗಾಬರಿ ಬಿದ್ದು ಅಳಿಸ್ತೀರಲ್ಲ! ಎಲ್ಲಿ ತಪ್ಪಾಗಿದೆ ಅಂತ ಅದೇ ಹೇಳ್ತಾ ಇದೆ."

ಸುಧಾ ಕನ್ನಡಕ ಸರಿಮಾಡಿಕೊಂಡರು. ಆ ಕೆಂಪು ಸಾಲುಗಳನ್ನು ಅವರು ಇದುವರೆಗೆ ಒಂದು ಸಲವೂ ಓದಿರಲಿಲ್ಲ, ಬೈಗುಳವೆಂದುಕೊಂಡು ಮುಖ ತಿರುಗಿಸುತ್ತಿದ್ದರು. ಈಗ ಒಂದೊಂದೇ ಪದ ಬಿಡಿಸಿ ಓದಿದರು. "ಕಡಬ ಸಿಗ್ತಿಲ್ಲ ಅಂತಿದೆ."

"ಬಸ್ ಸ್ಟ್ಯಾಂಡ್‌ನಲ್ಲಿ ಕೇಳಕ್ಕೆ ಹೇಳೇ," ಎಂದರು ಅನಂತರಾಜು ಒಳಗಿನಿಂದ.

"ಮೊದಲು ಕಡಬಕ್ಕೆ ದೊಡ್ಡಕ್ಷರ ಹಾಕಿದ್ರಿ, ಈಗ ಸಣ್ಣದು ಹಾಕಿದೀರ," ಎಂದ ಬಸವರಾಜ. "ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಊರು. ಕಣ್ಣಿಟ್ಟು ನೋಡ್ಬೇಕು!"

ಆ ಕೊನೆಯ ಮಾತಿನ ಧಾಟಿ ಕೇಳಿ ಸುಧಾ ತಲೆಯೆತ್ತಿದರು. ಅದು ಅವರದೇ ಧಾಟಿ, ಕಾಲೇಜಿನ ಲ್ಯಾಬಿನಲ್ಲಿ ದಿನವೂ ಮೊಳಗುವಂಥದು. ಅದನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ಕೂತಿದ್ದು ಇದೇ ಮೊದಲು. ಬೇಜಾರಾಗಬೇಕಿತ್ತೇನೋ, ಖುಷಿಯೇ ಆಯಿತು. ಅಕ್ಷರ ತಿದ್ದಿ ಎಂಟರ್ ಒತ್ತಿದರು.

ಪರದೆಯ ಮೇಲೆ ಜಾಗಕ್ಕೊಂದರಂತೆ ಮೂರು ಗೆರೆಗಳು ಎದ್ದವು. ಕಡಬದಲ್ಲಿ ನೀರು ತುಂಬಿದಾಗ ಬಣ್ಣದ ಕೊಕ್ಕರೆಗಳ ಗೆರೆ ಕೆಳಗಿಳಿದಿತ್ತು. ನೀರು ಇಳಿದು ಅಂಚಿನ ಕೆಸರು ಕಾಣಿಸಿದಾಗ ಸರ್ರನೆ ಮೇಲೆ ಹತ್ತಿತ್ತು. ಏರಿಯ ಮೇಲೆ ನಿಂತು ಅವರು ಕಣ್ಣಾರೆ ಕಂಡಿದ್ದೇ ಅದು. "ಬನ್ರೀ ಇಲ್ಲಿ, ಬೇಗ ಬನ್ನಿ!" ಎಂದು ಗಂಡನನ್ನು ಕೂಗಿದರು. ಅನಂತರಾಜು ಬಂದು, ಅರ್ಥವಾಗದಿದ್ದರೂ, ಬಹಳ ಹೊತ್ತು ನೋಡುತ್ತ ನಿಂತರು.

ಬುಧವಾರ ತುಮಕೂರಿನಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಕೊನೆಯಲ್ಲಿ, ಹೊರಗಿನಿಂದ ಬಂದಿದ್ದ ಸದಸ್ಯರೊಬ್ಬರು ಕೇಳಿದರು. "ಮಾರ್ಕೋನಹಳ್ಳಿ ಒಂದನ್ನೇ ತಿಂಗಳ ಪ್ರಕಾರ ತೋರಿಸಕ್ಕಾಗತ್ತಾ?"

"ಮುಂದಿನ ಸಲ ತರ್ತಾರೆ ಸರ್," ಎಂದು ಮಹಾಲಿಂಗಯ್ಯನವರು ಅವಸರದಲ್ಲಿ ಅಡ್ಡ ಬಂದರು.

"ಒಂದ್ನಿಮಿಷ ಸರ್," ಎಂದು ಸುಧಾ ಅಲ್ಲೇ ಟೈಪ್ ಮಾಡಿದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೆಂಪು ಸಾಲು ಬಂತು. ಮಹಾಲಿಂಗಯ್ಯನವರು ಮೇಜು ನೋಡತೊಡಗಿದರು. ಸುಧಾ ಮಾತ್ರ ಮುಖ ತಿರುಗಿಸಲಿಲ್ಲ, ಪೂರ್ತಿ ಓದಿದರು. "ಅಲ್ಪವಿರಾಮ ಬಿಟ್ಟಿದೀನಿ," ಎಂದು ತಮಗೇ ಹೇಳಿಕೊಂಡು ಹಾಕಿದರು. ಚಿತ್ರ ಬಂತು.

"ಇದನ್ನೆಲ್ಲ ಬರೆದೋರು ಯಾರು?"

"ನಾನೇ ಸರ್."

"ಕಲಿಸಿದ್ದು?"

"ನನ್ನ ಸ್ಟೂಡೆಂಟು. ತುಂಬಾ ಬಯ್ತಾನೆ."

ಎಲ್ಲರೂ ನಕ್ಕರು. ಮಹಾಲಿಂಗಯ್ಯನವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಹೊರಗೆ ಬಂದು ಫೋನ್ ಮಾಡಿದಾಗ ಬಸವರಾಜ ಮೊದಲು ಕೇಳಿದ್ದು, "ತಪ್ಪೇನಾದ್ರೂ ಬಂತಾ ಮೇಡಂ?" ಎಂದು. "ಬಂತು ಕಣೋ, ಓದ್ದೆ!" ಎಂದು ಸುಧಾ ರಸ್ತೆಯಲ್ಲೇ ಕೂಗಿ ಹೇಳಿದರು.

ಗುಬ್ಬಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಡುವ ಮುನ್ನ ಸೌತೆಕಾಯಿ ಮಾರುವವಳು ಹತ್ತಿದಳು. ನಾಲ್ಕು ಸೀಳಾಗಿ ಕತ್ತರಿಸಿ ಉಪ್ಪು ಖಾರ ಸವರಿದ್ದನ್ನು ಸುಧಾ ಕೊಂಡು, ಪಕ್ಕದಲ್ಲಿದ್ದ ಅಪರಿಚಿತ ಹುಡುಗಿಗೂ ಒಂದು ಸೀಳು ಕೊಟ್ಟರು. ಬಸ್ಸು ಊರು ದಾಟಿತು. ತೆಂಗಿನ ತೋಟಗಳ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಸೌತೆಯ ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳದೆ ಅವರು ಇನ್ನೊಂದು ಸೀಳು ಕಚ್ಚಿದರು.