ಹೀಟ್ ಮೀಟರಿನ ಮೇಲೆ ವಿಭೂತಿ

ಆ ಮೀಟರನ್ನು ಕೂರಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಒಂದು ದುಂಡು ಬಿಲ್ಲೆ, ಅದರೊಳಗೆ ಒಂದು ಮುಳ್ಳು, ಬಲಗಡೆಗೆ ಒಂದು ಕೆಂಪು ಪಟ್ಟಿ. ಎಂಜಿನ್ನಿನ ನೀರು ಕಾದಂತೆ ಮುಳ್ಳು ಏರುತ್ತದೆ, ಕೆಂಪು ಮುಟ್ಟಿದರೆ ಗಾಡಿ ನಿಲ್ಲಿಸಬೇಕು. ಇಷ್ಟೇ. ಇಷ್ಟಕ್ಕಾಗಿ ಐವತ್ತೆಂಟನೇ ಇಸವಿಯ ಬೇಸಿಗೆಯೆಲ್ಲ ನಾನು ಹಾಸನದ ಬೀದಿಗಳಲ್ಲಿ ಹುಚ್ಚನಂತೆ ಅಲೆದೆ.

ನಮ್ಮದು ಯುದ್ಧಕ್ಕೆ ಮುಂಚಿನ ಕಾರು. ಅಪ್ಪ ಈಶ್ವರಯ್ಯ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾರು ಎಲ್ಲಿಗೆ ಕರೆದರೆ ಅಲ್ಲಿಗೆ. ತೊಳೆಯುವುದು, ಪಂಕ್ಚರು, ರಿಪೇರಿ ನನ್ನ ಪಾಲು. ಎಂಜಿನ್ ಕಾದರೆ ಮೂಗಿಗೇ ಗೊತ್ತಾಗುತ್ತದೆ ಎನ್ನುತ್ತಿದ್ದ ಅಪ್ಪ, ನಿಜವಾಗಿಯೂ ಗೊತ್ತಾಗುತ್ತಿತ್ತು. ಆದರೆ ಹಿಂದಿನ ವರ್ಷ ಕೊರವಂಗಲದ ಹತ್ತಿರ ರಬ್ಬರು ಸುಟ್ಟ ವಾಸನೆಗೆ ಹಿಂದೆ ಕೂತ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಅಪ್ಪ ಆರಾಮಾಗಿ ಓಡಿಸುತ್ತಲೇ ಇದ್ದ. ಎಂಜಿನ್ ಬಿಚ್ಚಬೇಕಾಯಿತು. ಕೆಲವು ತಿಂಗಳಲ್ಲೇ ಮತ್ತೆ ಅದೇ ಕಥೆ. ಇನ್ನೊಂದು ಸಲ ಕಾದರೆ ಗಾಡಿ ಗುಜರಿಗೇ ಎಂದು ಮೆಕ್ಯಾನಿಕ್ ಪುಟ್ಟರಾಜು ಹೇಳಿಬಿಟ್ಟ. ಮನೆ ನಡೆಯುತ್ತಿದ್ದದ್ದು ಆ ಗಾಡಿಯಿಂದ. 'ಅಪ್ಪ, ನಿನ್ನ ಮೂಗು ಹೋಗಿದೆ, ಸ್ಟೇರಿಂಗ್ ಬಿಡು' ಎಂದು ಹೇಳುವುದಕ್ಕಿಂತ ಒಂದು ಮೀಟರು ಕೂರಿಸುವುದು ಸುಲಭ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಬೆಂಗಳೂರಿನಿಂದ ಮೀಟರು ಬಂತು. ಬಿಲ್ಲೆಯ ಬೆನ್ನಿಗೆ ದಾರದಷ್ಟು ಸಣ್ಣ ತಾಮ್ರದ ಕೊಳವೆ, ಕೊಳವೆಯ ತುದಿಗೆ ಬೆರಳು ಗಾತ್ರದ ಹಿತ್ತಾಳೆ ಗುಂಡು. ಗುಂಡನ್ನು ಎಂಜಿನ್ನಿನ ನೀರಿನೊಳಗೆ ಇಳಿಸಬೇಕು, ಬಿಲ್ಲೆಯನ್ನು ಡ್ಯಾಶ್ ಬೋರ್ಡಿಗೆ ಸಿಕ್ಕಿಸಬೇಕು. ಮೂರೂ ಒಂದಕ್ಕೊಂದು ಬೆಸೆದುಕೊಂಡೇ ಇರುತ್ತವೆ, ಬಿಡಿಸುವ ಹಾಗಿಲ್ಲ. ಪುಟ್ಟರಾಜುವಿನ ಹತ್ತಿರ ಹೋದರೆ ದಿನಾ "ನಾಳೆ ಬನ್ನಿ ಪಾಲಾಕ್ಷಣ್ಣ." ಕೊನೆಗೆ ಒಂದು ದಿನ ಅವನು ಕೈಗೆತ್ತಿಕೊಂಡದ್ದು ಕತ್ತರಿ.

"ಪೈಪು ಉದ್ದ ಆಯ್ತು. ಕತ್ತರ್ಸಿ ಬೆಸುಗೆ ಆಕ್ಬುಡಾನ."

"ಮುಟ್ಟಿದ್ರೆ ನೋಡು! ಅದ್ರೊಳ್ಗೆ ಗ್ಯಾಸು ಐತೆ. ಕತ್ತರ್ಸಿದ್ರೆ ಮೀಟ್ರು ಸತ್ತೋಯ್ತದೆ!" ಎಂದು ಕಿರುಚಿ, ಅವನ ಕೈಯಿಂದ ಕಿತ್ತುಕೊಂಡು ಮನೆಗೆ ಬಂದೆ.

ನಾನೇ ಶುರು ಮಾಡಿದೆ. ಡ್ಯಾಶ್ ಬೋರ್ಡು ದಪ್ಪ ತಗಡಿನದು. ಸುತ್ತ ಸಣ್ಣ ಸಣ್ಣ ತೂತು ಕೊರೆದು, ನಡುವಿನ ತಗಡು ಒಡೆದು, ಅರದಿಂದ ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಎದ್ದವು. ತೂತು ಚಿಕ್ಕದಾಯಿತು. ಇನ್ನಷ್ಟು ಉಜ್ಜಿದೆ, ದೊಡ್ಡದಾಯಿತು! ಮೀಟರು ದಡ್ ಎಂದು ಒಳಗೆ ಬಿತ್ತು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತ ತುರುಕಿ ನಿಲ್ಲಿಸಿದೆ. ಗುಂಡನ್ನು ಕೂರಿಸುವ ನಟ್ಟು ನಮ್ಮ ಎಂಜಿನ್ನಿಗೆ ಹೊಂದಲಿಲ್ಲ. ಚನ್ನರಾಯಪಟ್ಟಣದ ಲೇತ್ ಅಂಗಡಿಗೆ ಬಸ್ಸು ಹತ್ತಿ ಹೋಗಿ ಬೇರೆ ಮಾಡಿಸಿ ತಂದರೆ ಅದರೊಳಗಿನ ತಿರುಪಿನ ಮರೆ ತಪ್ಪು, ಅರ್ಧ ಸುತ್ತಿಗೇ ಕಚ್ಚಿಕೊಂಡು ಕೂತಿತು. ಮತ್ತೆ ಬಸ್ಸು, ಮತ್ತೆ ಲೇತು, ಮತ್ತೆ ಅವನ ಹತ್ತಿರ ಜಗಳ. ಪಿತ್ತ ನೆತ್ತಿಗೇರಿ ಸ್ಪ್ಯಾನರನ್ನು ಹಿತ್ತಲಿಗೆ ಎಸೆದು, ಆಮೇಲೆ ನಾನೇ ಹುಡುಕಿಕೊಂಡು ಬಂದೆ.

ಅಪ್ಪ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. "ಅನ್ನ ಆಕೋ ಗಾಡಿ ಎದೆಗೇ ತೂತು ಒಡೀತಾವ್ನೆ ಕಣೇ ರೇವಿ, ನಿನ್ ಮಗ" ಎಂದು ಅವ್ವನಿಗೆ ಚಾಡಿ ಹೇಳುತ್ತಿದ್ದ.

ಎಂಜಿನ್ನಿಗೆ ಇಳಿಸುವ ಮೊದಲು ಮೀಟರು ಸರಿಯಿದೆಯೋ ಎಂದು ನೋಡಲು ಮುದ್ದೆಗೆ ಇಟ್ಟ ಎಸರಿನೊಳಗೆ ಗುಂಡನ್ನು ಅದ್ದಿದೆ. ಅವ್ವ ಸೌಟು ಎತ್ತಿಕೊಂಡು ಓಡಿ ಬಂದಳು. ಮುಳ್ಳು ಮಾತ್ರ ಸರ್ರನೆ ಏರಿ ಕೆಂಪು ಮುಟ್ಟಿತು.

"ಅಪ್ಪ, ನೋಡು ಬಾ!"

"ನೋಡ್ದೆ ನೋಡ್ದೆ" ಎಂದ ಅಪ್ಪ, ಕೂತಲ್ಲಿಂದಲೇ.

ಕೊನೆಗೂ ಕೂತಿತು. ಮಾರನೇ ಬೆಳಗ್ಗೆ ನನ್ನ ನಿಜವಾದ ಗ್ರಹಚಾರ ಶುರುವಾಯಿತು. ಅಪ್ಪ ದಿನವೂ ಗಾಡಿ ತೆಗೆಯುವ ಮುಂಚೆ ವಿಭೂತಿ ತೇದು ಮೂರು ಬೆರಳಲ್ಲಿ ಬಾನೆಟ್ಟಿಗೆ, ಸ್ಟೇರಿಂಗಿಗೆ ಎಳೆದು, ಬೆರಳಲ್ಲಿ ಉಳಿದದ್ದನ್ನು ಗಾಡಿ ಓಡಿಸುವವನ ಹಣೆಗೆ, ಎಂದರೆ ತನ್ನ ಹಣೆಗೆ, ಹಚ್ಚಿಕೊಳ್ಳುತ್ತಿದ್ದ. ಅವತ್ತು ಮೀಟರಿನ ಗಾಜಿನ ಮೇಲೂ ಎಳೆದ. ಒಣಗಿದ ಮೇಲೆ ಸುಣ್ಣ ಬಳಿದ ಹಾಗಾಯಿತು. ಮುಳ್ಳೂ ಇಲ್ಲ, ಕೆಂಪೂ ಇಲ್ಲ.

ನಾನು ಒರೆಸಿದೆ. ಮರುದಿನ ಮತ್ತೆ ಹಚ್ಚಿದ, ಇನ್ನೂ ದಪ್ಪಗೆ.

"ಅಪ್ಪ, ಅಂಚಿಗೆ ಅಚ್ಚು. ಗಾಜಿಗೆ ಯಾಕೆ?"

"ಇಬೂತಿ ಒರಸ್ತೀಯೇನ್ಲಾ? ಕೈ ಸೇದೋಗಲ್ವಾ ನಿನ್ಗೆ?"

"ಮುಳ್ಳು ಕಾಣ್ದೆ ಇದ್ರೆ ಮೀಟ್ರು ಯಾತಕ್ಕೆ?"

"ನಾನ್ ಕೇಳಿದ್ನಾ ಮೀಟ್ರು?"

ಅವ್ವನೂ ಅಪ್ಪನ ಕಡೆಗೇ. ಶಿವನನ್ನು ಒರೆಸಿದರೆ ಮನೆಗೆ ಒಳ್ಳೆಯದಲ್ಲವಂತೆ. ಅಪ್ಪ ಬೇಕೆಂದೇ ಹಟ ಸಾಧಿಸುತ್ತಿದ್ದಾನೆ, ನನ್ನ ಬೊಬ್ಬೆಗಳಿಗೆ ಕಿಮ್ಮತ್ತೇ ಇಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಅವನು ಹಚ್ಚುವುದು, ನಾನು ಕದ್ದು ಒರೆಸುವುದು, ಬೈಸಿಕೊಳ್ಳುವುದು. ಬೆಳಗಾದರೆ ಇದೇ ಆಯಿತು.

ಹೀಗಿರುವಾಗ ಒಂದು ದಿನ ಅನಸೂಯಮ್ಮ ಎನ್ನುವವರು ನಮ್ಮ ಗಾಡಿಯಲ್ಲಿ ಮಗಳ ಬಾಣಂತನಕ್ಕೆಂದು ಅರಕಲಗೂಡಿಗೆ ಹೊರಟರು. ಹಿಂದಿನ ಸೀಟಿನ ತುಂಬ ಅವರ ಗಂಟು, ತುಪ್ಪದ ಡಬ್ಬಿ. ನಾನು ಅಪ್ಪನ ಎಡಕ್ಕೆ ಕೂತೆ. ಹೊಳೆ ದಾಟಿದ ಮೇಲೆ ಏರು ಶುರುವಾಯಿತು, ಬಿಸಿಲೂ ಏರಿತ್ತು. ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು. ಕೈ ಚಾಚಿ ಗಾಜನ್ನು ಟವಲಿನಿಂದ ಒರೆಸಿದೆ. ಮುಳ್ಳು ಕೆಂಪಿನೊಳಗೇ ನಿಂತಿತ್ತು.

"ಅಪ್ಪ, ಒರ್ಸಿವ್ನಿ, ಈಗ ನೋಡು. ಮುಳ್ಳು ಎಲ್ಲೈತೆ?"

ಅಪ್ಪ ಒಮ್ಮೆ ತಲೆ ಬಗ್ಗಿಸಿದ. "ಅರ್ಧಕ್ಕೈತೆ ಕಣ್ಲಾ. ಸುಮ್ಕಿರು."

"ಅರ್ಧಕ್ಕಾ? ಕೆಂಪು ಕಾಣಲ್ವಾ ನಿಂಗೆ? ನಿಲ್ಸಪ್ಪ ಗಾಡಿ! ನಿಲ್ಸು ಅಂದ್ನಲ್ಲ!"

ಅಪ್ಪನ ಮೇಲೆ ನಾನು ಹಾಗೆ ಕೂಗಿದ್ದು ಅದೇ ಮೊದಲು. ಗಾಡಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಅನಸೂಯಮ್ಮ "ಅಯ್ಯೋ ಶಿವನೇ" ಎಂದು ತುಪ್ಪದ ಡಬ್ಬಿ ಅವಚಿಕೊಂಡು ಇಳಿದು ಮರದ ನೆರಳಿಗೆ ಓಡಿದರು.

"ಏನ್ ಅಟ ಅಪ್ಪ ನಿಂದು? ಗಾಡಿ ಓದ್ರೂ ಸರಿ, ನಿನ್ ಮಾತೇ ಗೆಲ್ಬೇಕಾ? ಕಣ್ಮುಂದೆ ಐತೆ, ನೋಡು!"

ಅಪ್ಪ ಸ್ಟೇರಿಂಗಿನ ಮೇಲಿಂದ ಬಗ್ಗಿದ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ. ಆಮೇಲೆ ಗಾಜಿನ ಮೇಲೆ ಬೆರಳಾಡಿಸಿದ, ಮುಳ್ಳು ಬೆರಳಿಗೆ ಸಿಕ್ಕೀತೇನೋ ಎನ್ನುವಂತೆ.

"ಬೆಳ್ಳಗೆ ಒಂದು ಬಿಲ್ಲೆ ಕಾಣ್ತದೆ ಕಣ್ಲಾ" ಎಂದ. "ಮುಳ್ಳು ಕಾಣಾಕಿಲ್ಲ."

ನಾನು ಟವಲು ಹಿಡಿದುಕೊಂಡೇ ಅವನ ಕಡೆ ತಿರುಗಿದೆ.

"ಇಬೂತಿ ಅಚ್ಚಿದ್ರೆ ನಿನ್ಗೂ ಕಾಣಾಕಿಲ್ಲ, ಎಷ್ಟಕ್ಕೈತೆ ಅಂತ ಕೇಳಾಕಿಲ್ಲ ಅಂದ್ಕಂಡೆ."

"ಮತ್ತೆ... ರಸ್ತೆ?"

"ರಸ್ತೆ ಬಾಯ್‌ಪಾಟ ಕಣ್ಲಾ ನನ್ಗೆ" ಎಂದ ಅಪ್ಪ, ಮೆಲ್ಲಗೆ, ಹಿಂದಿನವರಿಗೆ ಕೇಳದ ಹಾಗೆ. ಅವರು ಇಳಿದು ಹೋದದ್ದೂ ಅವನಿಗೆ ಕಂಡಿರಲಿಲ್ಲ.

ಎಷ್ಟು ಜನರನ್ನು ಕೂರಿಸಿಕೊಂಡು, ಎಷ್ಟು ತಿರುವು ಹೀಗೆ ದಾಟಿದ್ದೆವೋ! ಬೈಯಬೇಕೆನ್ನಿಸಿತು, ಅಳಬೇಕೆನ್ನಿಸಿತು, ಎರಡೂ ಆಗಲಿಲ್ಲ. ಆ ದರಿದ್ರ ಮೀಟರನ್ನು ಕಿತ್ತು ಎಸೆಯಬೇಕೆನ್ನಿಸಿತು. ಅದಿಲ್ಲದಿದ್ದರೆ ನನಗೆ ಇದು ತಿಳಿಯುತ್ತಲೇ ಇರಲಿಲ್ಲ.

ಇಳಿದು ನೋಡಿದೆ, ಫ್ಯಾನ್ ಬೆಲ್ಟು ಸಡಿಲವಾಗಿತ್ತು. "ಮುಚ್ಚಳ ತಗೀಬ್ಯಾಡ, ತಣ್ಣಗಾಗ್ಲಿ" ಎಂದು ಅಪ್ಪ ಒಳಗಿಂದಲೇ ಹೇಳಿದ. ಬೆಲ್ಟು ಬಿಗಿದು, ತಣ್ಣಗಾಗುವ ತನಕ ಕಾದು, ನೀರು ತಂದು ಹೊಯ್ದೆ. ಎಂಜಿನ್ ಉಳಿದಿತ್ತು. ಹಿಂತಿರುಗಿ ನೋಡಿದರೆ ಡ್ರೈವರ್ ಸೀಟು ಖಾಲಿ. ಅಪ್ಪ ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ಸುತ್ತು ಹಾಕಿ, ಎಡಗಡೆಯ ಬಾಗಿಲು ತಡಕುತ್ತಿದ್ದ. ನಾನು ತೆಗೆದುಕೊಟ್ಟೆ. ಅನಸೂಯಮ್ಮನವರನ್ನು ಹತ್ತಿಸಿಕೊಂಡು ನಾನೇ ಸ್ಟೇರಿಂಗ್ ಹಿಡಿದೆ. ಅರಕಲಗೂಡಿನ ತನಕ ಒಂದೇ ಒಂದು ಮಾತು ಕೇಳಿದ.

"ಮುಳ್ಳು ಎಲ್ಲೈತ್ಲಾ?"

"ಅರ್ಧಕ್ಕೈತೆ ಕಣಪ್ಪ" ಎಂದೆ. ನಿಜವಾಗಿಯೂ ಅರ್ಧಕ್ಕಿತ್ತು.

ಮಾರನೇ ಬೆಳಗ್ಗೆ ಸಾಲಗಾಮೆಯ ಬಾಡಿಗೆ ಇತ್ತು. ಅಪ್ಪ ಎಂದಿನಂತೆ ವಿಭೂತಿ ತೇದು ಬಾನೆಟ್ಟಿಗೆ, ಸ್ಟೇರಿಂಗಿಗೆ ಎಳೆದ. ಮೀಟರಿನ ಅಂಚನ್ನು ಬೆರಳಲ್ಲಿ ತಡವಿ, ಗಾಜನ್ನು ಬಿಟ್ಟು, ಅಂಚಿಗೆ ಒಂದು ಚುಕ್ಕೆ ಇಟ್ಟ. ಆಮೇಲೆ ನನ್ನ ಕಡೆ ತಿರುಗಿದ. ಬೆರಳುಗಳು ಮೊದಲು ನನ್ನ ಕಿವಿಗೆ, ಆಮೇಲೆ ಹುಬ್ಬಿಗೆ ತಾಗಿ, ಹಣೆ ಸಿಕ್ಕಿದ ಮೇಲೆ ಉದ್ದಕ್ಕೆ ಎಳೆದವು. ನೀರು ಜಾಸ್ತಿಯಾಗಿತ್ತು, ಕಣ್ಣಿಗೆ ಇಳಿಯಿತು.

"ಕಣ್ಗೆ ಬಿತ್ತು ಕಣಪ್ಪ!" ಎಂದು ಸಿಡುಕಿದೆ.

"ಒರಸ್ಕಬ್ಯಾಡ" ಎಂದ ಅಪ್ಪ.

ಒರೆಸಿಕೊಳ್ಳಲಿಲ್ಲ.