ಸಗಣಿ ಎಳೆಯುವ ಹಲಗೆ

ಮೂವತ್ತು ಹಸುಗಳ ಕೊಟ್ಟಿಗೆ ಬಾಚಿ ಬಾಚಿ ಮಾವನ ಸೊಂಟ ಬಿದ್ದುಹೋಗಿತ್ತು. ಸೊಸೆಯೇ ಹಟ ಹಿಡಿದು ಯಂತ್ರ ಹಾಕಿಸಿದಳು. ಎರಡು ಸಾಲು ಹಸುಗಳ ನಡುವಿನ ಓಣಿಯಲ್ಲಿ ಉಕ್ಕಿನ ಹಲಗೆಯೊಂದು ಎರಡು ಗಂಟೆಗೊಮ್ಮೆ ತಾನಾಗಿಯೇ ಹೊರಟು, ಸರಪಳಿ ಎಳೆದಂತೆ ಸಗಣಿಯನ್ನು ತೊಟ್ಟಿಯವರೆಗೆ ತಳ್ಳಿಕೊಂಡು ಹೋಗುತ್ತಿತ್ತು. ಮಾವ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

"ಆಮೆಗಿಂತ ನಿಧಾನ, ಮಾವ. ಹಸುಗಳೇ ದಾಟ್ಕೊಂಡು ಹೋಗ್ತವೆ," ಎಂದು ಅವಳು ನಗುತ್ತಿದ್ದಳು.

ಒಂದು ಮಧ್ಯಾಹ್ನ ಹಿಂಡಿ ಹಾಕಲು ಬಂದವಳು ಓಣಿಯ ಈ ತುದಿಯಲ್ಲೇ ನಿಂತುಬಿಟ್ಟಳು. ದಿನ ತುಂಬಲು ಇನ್ನೂ ವಾರವಿದ್ದ ಚೊಚ್ಚಲ ಹಸು ಓಣಿಯಲ್ಲೇ ಕರು ಹಾಕಿತ್ತು. ಮೈಯೆಲ್ಲ ಲೋಳೆಯಾಗಿದ್ದ ಕರು ಏಳಲಾರದೆ ಕಾಲು ಜಾಡಿಸುತ್ತಿತ್ತು. ಅಷ್ಟರಲ್ಲಿ ಸರಪಳಿ ಕಟಕಟ ಎಂದಿತು.

ಯಂತ್ರ ನಿಲ್ಲಿಸುವ ಸ್ವಿಚ್ಚು ಇದ್ದದ್ದು ಓಣಿಯ ಆ ತುದಿಯ ಬಾಗಿಲ ಬಳಿ. ನಡುವೆ ತಾಯಿ ಹಸು ತಲೆ ತಗ್ಗಿಸಿ ಬುಸುಗುಡುತ್ತಿತ್ತು.

"ಮಾವಾ!" ಎಂದು ಕೂಗುತ್ತಲೇ ಅವಳು ಓಣಿಗಿಳಿದು ಕರುವಿನ ಮುಂಗಾಲು ಹಿಡಿದೆಳೆದಳು. ಕೈ ಜಾರಿತು. ಮತ್ತೆ ಹಿಡಿದು, ಹೇಗೋ ಓಣಿಯ ಪಕ್ಕದಲ್ಲಿ ಹಸುಗಳು ಮಲಗುವ ಕಟ್ಟೆಯ ಮೇಲೆ ತಳ್ಳಿದಳು. ಅದೇ ಹೊತ್ತಿಗೆ ಹಸು ಹಾಯ್ದು ಅವಳನ್ನು ಕೆಡವಿ ಕರುವಿನತ್ತ ಹೋಯಿತು. ಎದ್ದೇಳುವಷ್ಟರಲ್ಲಿ ಹಲಗೆಯ ಅಂಚು ಅವಳ ಬೂಟನ್ನು ಕಟ್ಟೆಗೆ ಒತ್ತಿ ಹಿಡಿದಿತ್ತು.

ಕಾಲು ಕಿತ್ತುಕೊಳ್ಳಲು ನೋಡಿದಳು. ಬರಲಿಲ್ಲ. ಹಲಗೆ ಕೂದಲೆಳೆಯಷ್ಟೇ ಸರಿಯುತ್ತಿತ್ತು. ಆ ನಿಧಾನಕ್ಕೇ ಅವಳ ಜೀವ ಬಾಯಿಗೆ ಬಂತು: ಮುಂದೇನಾಗುತ್ತದೆಂದು ಪೂರ್ತಿ ತಿಳಿದಿತ್ತು, ತಿಳಿಯಲು ಬೇಕಾದಷ್ಟು ಸಮಯವೂ ಇತ್ತು.

ಮಾವ ಆ ತುದಿಯ ಬಾಗಿಲಲ್ಲಿ ಕಾಣಿಸಿಕೊಂಡರು.

"ಸ್ವಿಚ್ಚು ಒತ್ತಿ ಮಾವಾ! ಕೆಂಪುದು!"

"ಯಾವ್ದಮ್ಮಾ? ಎರಡು ಕೆಂಪಿದಾವಲ್ಲ!"

"ದಪ್ಪಂದು! ಅಣಬೆ ಥರ ಇರೋದು!"

ಅವರು ಅದನ್ನು ಎರಡೂ ಅಂಗೈಯಿಂದ ಅಪ್ಪಳಿಸಿದರು. ಸರಪಳಿ ಸಡಿಲವಾಗಿ ನೆಲಕ್ಕೆ ಬಿತ್ತು.

ಮಾವ ಓಡಿಬಂದು ಬೂಟು ಕತ್ತರಿಸಿ ಕಾಲು ಬಿಡಿಸಿದರು.

"ಬೈದುಬಿಡಿ, ಮಾವ," ಎಂದಳು ಅವಳು, ಹಲ್ಲು ಕಚ್ಚಿಕೊಂಡು.

"ಬಾಯೇ ಬರ್ತಿಲ್ಲ ಕಣಮ್ಮ."

ಪಾದದ ಮೂಳೆ ಬಿರುಕು ಬಿಟ್ಟಿತ್ತು. ಒಂದೂವರೆ ತಿಂಗಳು ಪಟ್ಟಿ ಹಾಕಿಸಿಕೊಂಡು ಕೂತಳು. ಕರು ಬದುಕಿತು. ಅವಳು ಮೆಕ್ಯಾನಿಕ್ಕನ್ನು ಕರೆಸಿ ಯಂತ್ರ ತಾನಾಗಿ ಹೊರಡದಂತೆ ಮಾಡಿಸಿದಳು. ಈಗ ಮಾವನೇ ಮೊದಲು ಓಣಿಯುದ್ದಕ್ಕೂ ನಡೆದು ನೋಡಿ, ಆಮೇಲೆ ಚಾಲೂ ಮಾಡಿ, ಅದು ನಿಲ್ಲುವವರೆಗೆ ಅಲ್ಲೇ ಕಾಯುತ್ತಾರೆ. ಅದು ಗೊತ್ತಿದ್ದರೂ, ಸರಪಳಿಯ ಸದ್ದು ಕೇಳಿದೊಡನೆ ಅಡುಗೆಮನೆಯಲ್ಲಿ ಕೂತ ಸೊಸೆ ಎರಡೂ ಕಾಲನ್ನು ಕುರ್ಚಿಯ ಮೇಲೆಳೆದುಕೊಳ್ಳುತ್ತಾಳೆ.