ಎರಡು ಬೆರಳು ಬಟ್ಟೆ

ದರ್ಜಿ ಅಂಗಡಿಯ ಮೂಲೆಯ ಟಿ.ವಿ.ಯಲ್ಲಿ ಭಾನುವಾರ ಮಧ್ಯಾಹ್ನದ ಕಪ್ಪುಬಿಳುಪು ಸಿನಿಮಾ ಓಡುತ್ತಿತ್ತು. ಗಿರಣಿ ನಡೆಸುವ ಅಪ್ಪ, ಮುನಿಸಿಕೊಂಡು ಎದುರಿಗೇ ಗಿರಣಿ ಹಾಕಿದ ಮಗ. ಇಬ್ಬರೂ ಗುಡುಗುತ್ತಿದ್ದರು. ಆ ಅಪ್ಪನಿಗೆ ಮಗಳೂ ಒಬ್ಬಳಿದ್ದಳು. ಈವರೆಗೆ ಮೂರು ಸಲ ಬಂದು, ಮೂರು ಸಲವೂ ನೀರಿನ ಲೋಟ ಇಟ್ಟು ಹೋಗಿದ್ದಳು.

ಕತ್ತರಿಸುವ ಮೇಜಿನ ಬಳಿ ನಿಂತಿದ್ದ ದರ್ಜಿಯ ಮಗಳು ಅದನ್ನು ಎಣಿಸಿದ್ದಳು.

"ನೋಡು, ಎಷ್ಟು ಜೋರಿದಾನೆ ಹುಡುಗ," ಎಂದು ಅಪ್ಪ ಕನ್ನಡಕ ಎತ್ತಿ ಕಣ್ಣೊರೆಸಿಕೊಂಡರು. "ಹೆತ್ತಪ್ಪನ್ನೇ ಎದುರು ಹಾಕ್ಕೊಂಡ."

"ನಿಮ್ಮ ಮಗನೂ ಹಾಕ್ಕೊಂಡಿದಾನಲ್ಲ."

"ಅವನ ಸುದ್ದಿ ಎತ್ತಬೇಡ ಎಡಚಿ!" ಎಡಗೈಯಲ್ಲಿ ಕತ್ತರಿ ಹಿಡಿಯುವ ಅವಳನ್ನು ಮನೆಯಲ್ಲಿ ಕರೆಯುತ್ತಿದ್ದುದೇ ಹಾಗೆ.

ಅವನ ಸುದ್ದಿ ಎತ್ತದೆ ಅವರಿಗೇ ಊಟ ಇಳಿಯುತ್ತಿರಲಿಲ್ಲ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು, ಮೈ ಬೆಳೆದರೆ ಕೋಟೂ ಬೆಳೆಯಬೇಕು ಎಂಬುದು ಅಪ್ಪನ ಶಾಸ್ತ್ರ. ಈಗ ಯಾರೂ ಬಿಚ್ಚಿಸಿ ಹಾಕಿಕೊಳ್ಳುವುದಿಲ್ಲ, ಸುಮ್ಮನೆ ಒಳಗೆ ಉಬ್ಬುತ್ತದೆ ಎಂಬುದು ಅಣ್ಣನ ವಾದ. ಮಾತಿಗೆ ಮಾತು ಬೆಳೆದು, ಏಳು ತಿಂಗಳ ಹಿಂದೆ ರಸ್ತೆಯಾಚೆ ಅಣ್ಣನ ಬೋರ್ಡು ಬಂತು. ಅಂದಿನಿಂದ ಅಪ್ಪ ದಿನಾ ಬೆಳಗ್ಗೆ ಬಾಗಿಲು ತೆಗೆದೊಡನೆ ಆ ಬೋರ್ಡಿಗೆ ಮನದಣಿಯೆ ಬೈಯುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಮೇಜಿನಲ್ಲಿ ಕತ್ತರಿ ಹಿಡಿದ ಮಗಳತ್ತ ಆಮೇಲೆ ತಿರುಗಿ "ಬಂದ್ಯಾ" ಅನ್ನುತ್ತಿದ್ದರು. ಅಷ್ಟೇ.

ಅಣ್ಣನ ಗಿರಾಕಿಗಳನ್ನು ಕಂಡು ಅವಳಿಗೆ ಹೊಟ್ಟೆ ಉರಿಯುತ್ತಿರಲಿಲ್ಲ. ಆ ಬೈಗುಳ ಕೇಳಿ ಉರಿಯುತ್ತಿತ್ತು.

ಸಿನಿಮಾದ ನಡುವೆ ಬೇಕರಿಯವನು ಕೋಟು ಹಿಡಿದು ಬಂದ. "ಗುಂಡಿ ಹಾಕೋಕೇ ಆಗ್ತಿಲ್ಲ ಮಾಸ್ಟ್ರೇ."

"ಮಾರೋ ಬನ್ನೆಲ್ಲ ನೀನೇ ತಿಂತೀಯೇನಯ್ಯಾ?"

ಅಪ್ಪ ಪಕ್ಕದ ಹೊಲಿಗೆ ಬಿಚ್ಚಿದರು. ಒಳಗೆ ಎರಡು ಬೆರಳು ಬಟ್ಟೆ, ಬಿಸಿಲು ಕಾಣದೆ ಹೊಸದರಂತೆ ಮಡಿಸಿಕೊಂಡು ಕೂತಿತ್ತು. ಅವರ ಮುಖ ಊರಗಲವಾಯಿತು. ಬಾಗಿಲಿಗೆ ಹೋಗಿ ಕೂಗಿದರು: "ಲೋ, ಬಾರೋ ಇಲ್ಲಿ! ನಿಮ್ಮಪ್ಪನ ಕೈ ಹೆಂಗಿದೆ ನೋಡು ಬಾ!"

ಅಣ್ಣ ಬಂದ. ಹೊಸ್ತಿಲಾಚೆಯೇ ನಿಂತು ಕೋಟನ್ನು ತಿರುವಿದ. ಬಟ್ಟೆ ಕತ್ತರಿಸುವವರು ಸೀಮೆಸುಣ್ಣದ ಗೆರೆ ಮುಗಿಯುವಲ್ಲಿ ಪುಟ್ಟ ಕೊಕ್ಕೆ ಹಾಕುವುದು ಆ ಅಂಗಡಿಯ ರೂಢಿ. ಬಿಚ್ಚಿದ ಬಟ್ಟೆಯಲ್ಲಿ ಉಳಿದಿದ್ದ ಅದನ್ನು ನೋಡಿ ಅವನು ಫಕ್ಕನೆ ನಕ್ಕ.

"ನಿಮ್ಮ ಕೊಕ್ಕೆ ಬಲಕ್ಕಲ್ವೇನಪ್ಪಾ ತಿರುಗೋದು? ಇದು ಎಡಕ್ಕಿದೆ. ಇದು ಎಡಚಿ ಕೈ."

ಅವಳು ಅಪ್ಪನ ಮುಖವನ್ನೇ ನೋಡಿದಳು. ಈಗ ತಿರುಗುತ್ತಾರೆ, ಈಗ ಏನಾದರೂ ಅನ್ನುತ್ತಾರೆ.

"ಯಾರದ್ದಾದ್ರೇನೋ! ನೀನು ಬಿಟ್ಟಿದೀಯಾ ಎರಡು ಬೆರಳು?"

"ನಾನ್ಯಾಕೆ ಬಿಡ್ಲಿ?"

ಮತ್ತೆ ಹತ್ತಿಕೊಂಡಿತು. ಅವಳು ಕತ್ತರಿಸಿದ ಕೋಟನ್ನೇ ಆ ಕಡೆ ಈ ಕಡೆ ಎಳೆದಾಡುತ್ತ ಇಬ್ಬರೂ ಹಬೆಯಾಡುತ್ತಿದ್ದರು. ಟಿ.ವಿ.ಯಲ್ಲಿ ಆ ಮಗಳು ನಾಲ್ಕನೆಯ ಲೋಟ ತಂದಳು.

ಎಡಚಿ ತನ್ನ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ನಾನೂ ಬೇರೆ ಅಂಗಡಿ ಹಾಕ್ತೀನಿ. ಪಕ್ಕದ ಮಳಿಗೆ ಖಾಲಿ ಇದೆ, ಕೇಳಿ ಬಂದಿದೀನಿ."

ಕೇಳಿದ್ದಳೇನೋ ನಿಜ. ಎರಡು ಸಲ ಹೋಗಿ, ಎರಡು ಸಲವೂ ಮುಂಗಡ ಕೊಡಲು ಹೆದರಿ ವಾಪಸಾಗಿದ್ದಳು.

ಅಪ್ಪ ಕೋಟು ಬಿಟ್ಟರು. "ಏನಂದೆ?" ಹಣೆಯ ನರ ಎದ್ದಿತು. "ನನ್ನ ಹತ್ರ ಕಲಿತು, ನನ್ನ ಗೋಡೆಗೇ ಒರಗಿ ಅಂಗಡಿ ಹಾಕ್ತೀಯಾ? ಕೊಬ್ಬು! ನಿನ್ನ ಗಿರಾಕಿಗಳೆಲ್ಲ ನನ್ನ ಬಾಗಿಲು ದಾಟಿಯೇ ಬರಬೇಕು, ಗೊತ್ತಿರಲಿ! ಆ ಎಡಗೈ ಕೊಕ್ಕೆ ಹಿಡಿದುಕೊಂಡು ಎಷ್ಟು ದಿನ ನಿಲ್ತೀಯೋ ನಾನೂ ನೋಡ್ತೀನಿ!"

"ಹೋಗ್ಲಿ ಬಿಡಪ್ಪ, ಅವಳು ಏನೋ—" ಎಂದ ಅಣ್ಣ.

"ನೀನು ಸುಮ್ನಿರೋ! ನಿನ್ನ ಹತ್ರ ಯಾರು ಮಾತಾಡಿದ್ರು?"

ಬೇಕರಿಯವನು ಕೋಟನ್ನು ಅಲ್ಲೇ ಬಿಟ್ಟು ಮೆಲ್ಲಗೆ ಜಾರಿಕೊಂಡ. ಅಪ್ಪ ಅವಳತ್ತ ತಿರುಗಿ ಬೈಯುತ್ತಲೇ ಇದ್ದರು. ಅವಳು ಒಂದಕ್ಷರ ನೆಲಕ್ಕೆ ಬೀಳದಂತೆ ಕೇಳಿಸಿಕೊಂಡಳು. ನಡುವೆ ಒಮ್ಮೆ ಅಣ್ಣನ ಕಡೆ ನೋಡಿದಳು. ಹೊಸ್ತಿಲಾಚೆ ಅವನು ಬಾಯಿ ಅರ್ಧ ತೆರೆದು, ತನ್ನ ಸರದಿಗಾಗಿ ಕಾಯುತ್ತ ನಿಂತಿದ್ದ.